ಅಧಿವೇಶನದ ಸುದ್ದಿ ಕ್ಷೇತ್ರಕ್ಕೆ: ನಮಗೆ ಕೈಹಿಡಿದದ್ದು ಉತ್ತರದ ಹಾಳೆ

"ಉತ್ತರದ ಹಾಳೆ ಯಾರ್ ಓದ್ತಾರೆ ಗುರೂ?" ಅಂತ ಆಡಿಕೊಳ್ಳದ ಪಿಎ (ಆಪ್ತ ಸಹಾಯಕ) ಶಾಸಕರ ಭವನದಲ್ಲಿ ಇರಲಿಲ್ಲ. ನಾನೂ ಒಬ್ಬ ಶಾಸಕರ ಪಿಎ. ಶಾಸಕರ ಪ್ರಶ್ನೆಗೆ ಸರ್ಕಾರ ಸದನದಲ್ಲಿ ಕೊಡುವ ಲಿಖಿತ ಉತ್ತರದ ಹಾಳೆಯನ್ನೇ ಕ್ಷೇತ್ರದ ಜನರಿಗೆ ಕಳಿಸುತ್ತೇನೆ. ಈಗ ಆಡಿಕೊಂಡವರಲ್ಲೇ ಮೂರ್ನಾಲ್ಕು ಜನ ಫೋನ್ ಮಾಡಿ ಹೇಗೆ ಮಾಡ್ತೀಯ ಅಂತ ಕೇಳ್ತಿದ್ದಾರೆ. ಒಬ್ಬೊಬ್ಬರಿಗೂ ಹೇಳಿ ಸಾಕಾಗಿದೆ, ಬರೆದೇಬಿಡುತ್ತೇನೆ.

ನಮ್ಮದು ಬೆಂಗಳೂರಿನ ಹೊರವಲಯದ ಕ್ಷೇತ್ರ. 2007ರಲ್ಲಿ ಪಾಲಿಕೆಗೆ ಸೇರಿಸಿದ 110 ಹಳ್ಳಿಗಳಲ್ಲಿ ಒಂದಷ್ಟು ನಮ್ಮ ಪಾಲಿಗಿವೆ. 2020ರ ಸೆಪ್ಟೆಂಬರ್‌ನಲ್ಲಿ ಕಾರ್ಪೊರೇಟರ್‌ಗಳ ಅವಧಿ ಮುಗಿದ ಮೇಲೆ ಚರಂಡಿ ಉಕ್ಕಿದರೂ, ಇ-ಖಾತೆ (ಆಸ್ತಿಯ ಡಿಜಿಟಲ್ ದಾಖಲೆ) ಸಿಗದಿದ್ದರೂ ಫೋನ್ ಬರುವುದು ಶಾಸಕರಿಗೇ. ಅಧಿವೇಶನ ಶುರುವಾದರೆ ಸಾಹೇಬರು ಸಿಗುವುದಿಲ್ಲ. ಬೆಳಗಾವಿಯ ಸುವರ್ಣ ವಿಧಾನಸೌಧಕ್ಕೆ ಹೋದರಂತೂ "ಎಮ್ಮೆಲ್ಲೆ ಕಾಣೆಯಾಗಿದ್ದಾರೆ" ಅನ್ನೋ ಪೋಸ್ಟರ್ ವಾಟ್ಸಾಪಿನಲ್ಲಿ ಗ್ಯಾರಂಟಿ.

ಮೊದಲು ದುಡ್ಡು ಸುರಿದದ್ದು ಬಲ್ಕ್ ಎಸ್‌ಎಂಎಸ್‌ಗೆ. ಬಲ್ಕ್ ಮೆಸೇಜ್ ಕಳಿಸುವವರು ಮಾಡಿಸಲೇಬೇಕಾದ ಡಿಎಲ್‌ಟಿ ನೋಂದಣಿಗೆ ಐದಾರು ಸಾವಿರ ಹೋಯ್ತು. ಹೆಡರ್ (ಕಳಿಸುವವರ ಹೆಸರು), ಟೆಂಪ್ಲೇಟ್ (ಮೆಸೇಜಿನ ಮಾದರಿ) ಅಂತ ಒಂದೊಂದಾಗಿ ಮಂಜೂರಾಗುವ ಹೊತ್ತಿಗೆ ಬಜೆಟ್ ಮೇಲಿನ ಚರ್ಚೆಯೇ ಮುಗಿದಿತ್ತು. ಇಂಗ್ಲಿಷಿನಲ್ಲಾದರೆ 160 ಅಕ್ಷರಕ್ಕೆ ಒಂದು ಮೆಸೇಜಿನ ಚಾರ್ಜು, ಕನ್ನಡದಲ್ಲಿ 70ಕ್ಕೇ. ಅದರಲ್ಲೂ ಕೊಂಬು, ದೀರ್ಘ, ಒತ್ತು ಎಲ್ಲಕ್ಕೂ ಬೇರೆ ಬೇರೆ ಲೆಕ್ಕ: 'ಕಾವೇರಿ' ಅಂದರೆ ಆರು! ಎರಡು ಸಾಲಿನ ಸುದ್ದಿಗೆ ಮೂರು ಮೆಸೇಜಿನ ಬಿಲ್ಲು. ಆ ಅಧಿವೇಶನದಲ್ಲಿ ಸುಮಾರು ಅರವತ್ತು ಸಾವಿರ ಕೈಬಿಟ್ಟಿತು, ವಾಪಸ್ ಫೋನ್ ಮಾಡಿದವರು ಹತ್ತು ಜನವೂ ಇಲ್ಲ.

ಆಮೇಲೆ ರೀಲ್ಸ್. ತಿಂಗಳಿಗೆ ಇಪ್ಪತ್ತೈದು ಸಾವಿರಕ್ಕೆ ಎಡಿಟರ್ ಹುಡುಗನನ್ನು ಇಟ್ಟುಕೊಂಡೆವು. ಸದನದ ನೇರಪ್ರಸಾರದಿಂದ ಸಾಹೇಬರ ಮಾತು ಕತ್ತರಿಸಿ, ಹಿಂದೆ ಡೊಳ್ಳು ಬಾರಿಸಿ ಬಿಟ್ಟ. ಲಕ್ಷಗಟ್ಟಲೆ ವ್ಯೂಸ್ ಬಂತು. ಕಾಮೆಂಟ್ ಹಾಕಿದವರು ಹಾಸನದವರು, ಕಲಬುರಗಿಯವರು, ದುಬೈಯವರು. ನಮ್ಮ ಬಡಾವಣೆಯವರು ಮಾತ್ರ "ನೀರು ಯಾವಾಗ ಸಾರ್?" ಅಂತ ಒಂದೇ ಸಾಲು.

ಆ ಸಾಲೇ ನನ್ನ ತಲೆ ತಿರುಗಿಸಿದ್ದು. ಕಾವೇರಿ ಕುಡಿಯುವ ನೀರಿನ ಯೋಜನೆಯ ಐದನೇ ಹಂತ 2024ರ ಅಕ್ಟೋಬರ್‌ನಲ್ಲಿ ಉದ್ಘಾಟನೆಯಾಗಿತ್ತು. ದಿನಕ್ಕೆ 77.5 ಕೋಟಿ ಲೀಟರ್ (775 ಎಂಎಲ್‌ಡಿ), ಅದೂ ಈ 110 ಹಳ್ಳಿಗಳಿಗಾಗಿಯೇ ಅಂತ ಎಲ್ಲರಿಗೂ ಗೊತ್ತು. ನಮ್ಮ ಬೀದಿಗೆ ಯಾವಾಗ ಅನ್ನೋದು ಯಾರಿಗೂ ಗೊತ್ತಿಲ್ಲ. ಸಾಹೇಬರ ಕೈಯಲ್ಲಿ ಚುಕ್ಕೆ ಗುರುತಿಲ್ಲದ (ಲಿಖಿತ ಉತ್ತರವಷ್ಟೇ ಸಿಗುವ) ಪ್ರಶ್ನೆ ಹಾಕಿಸಿದೆ, ಬಡಾವಣೆಗಳ ಹೆಸರು ಸಮೇತ. ಉತ್ತರದ ಹಾಳೆ ಹೇಗಿರುತ್ತೆ ನಿಮಗೆ ಗೊತ್ತು. ಎಡಗಡೆ "ಅ) ಸರ್ಕಾರದ ಗಮನಕ್ಕೆ ಬಂದಿದೆಯೇ?", ಬಲಗಡೆ "ಬಂದಿದೆ." ಕೆಳಗೆ "ಅನುದಾನದ ಲಭ್ಯತೆಗೆ ಅನುಗುಣವಾಗಿ". ಬಂಗಾರ ಇರೋದು ಅನುಬಂಧದಲ್ಲಿ: ಎಲ್ಲಿ ಪೈಪ್ ಹಾಕಿದೆ, ಎಲ್ಲಿ ಬಾಕಿ ಅನ್ನೋ ಪಟ್ಟಿ.

ಯೂನಿಕೋಡ್ ಅಲ್ಲದ ನುಡಿ ಫಾಂಟಿನ ಹಾಳೆಯನ್ನು ವಾಟ್ಸಾಪಿಗೆ ಕಾಪಿ ಮಾಡಿದರೆ ಕಾಗೆ ಕಾಲು ಗುಬ್ಬಿ ಕಾಲು ಆಗುತ್ತೆ. ಹಾಗಾಗಿ ಟೈಪ್ ಮಾಡಿಸುವ ಗೋಜಿಗೇ ಹೋಗಲಿಲ್ಲ. ಉತ್ತರ ಸದನದಲ್ಲಿ ಮಂಡನೆಯಾದ ಮೇಲೆ ಹಾಳೆಯ ಫೋಟೋ ತೆಗೆದು, ಸಂಬಂಧಪಟ್ಟ ಸಾಲಿನ ಮೇಲೆ ಹಳದಿ ಗೆರೆ ಎಳೆದು, ಆ ಬೀದಿಗಳ ಗ್ರೂಪಿಗೆ ಮಾತ್ರ ಕಳಿಸಿದೆ. ಇಡೀ ಕ್ಷೇತ್ರಕ್ಕಲ್ಲ. ಜೊತೆಗೆ ಸಾಹೇಬರದ್ದೇ ದನಿಯಲ್ಲಿ ಒಂದೂವರೆ ನಿಮಿಷದ ವಾಯ್ಸ್ ನೋಟ್: "ನಿಮ್ಮದು ಬಾಕಿ ಪಟ್ಟಿಯಲ್ಲಿದೆ, ಆಯ್ತು ಅಂತ ನಾನು ಸುಳ್ಳು ಹೇಳಲ್ಲ." ಈ ಕೊನೆಯ ಮಾತಿಗೆ ಅವರನ್ನು ಒಪ್ಪಿಸಲು ಬೆವರು ಕಿತ್ತು ಬಂತು. ಆಗಿಲ್ಲದ ಕೆಲಸವನ್ನು ಆಗಿಲ್ಲ ಅಂತ ಯಾವ ರಾಜಕಾರಣಿ ತಾನೇ ಹೇಳಿಕೊಳ್ಳುತ್ತಾನೆ! ಮಾರನೇ ದಿನವೇ ಆ ಹಾಳೆ ಅಪಾರ್ಟ್‌ಮೆಂಟ್ ಗ್ರೂಪು, ಆಟೋ ಸ್ಟ್ಯಾಂಡು, ಎದುರು ಪಕ್ಷದ ವಾರ್ಡ್ ಅಧ್ಯಕ್ಷನ ಫೋನು ಎಲ್ಲಾ ಕಡೆ ಓಡಾಡುತ್ತಿತ್ತು.

ಗದ್ದಲದಲ್ಲಿ ಸದನ ಮುಂದಕ್ಕೆ ಹೋದರೂ ಲಿಖಿತ ಉತ್ತರ ಕೈಗೆ ಬರುತ್ತದೆ, ಈ ಕ್ರಮದ ಲಾಭ ಇದೇ. ಟಿವಿಯಲ್ಲಿ ಬರೀ ಸದನದ ಬಾವಿಗಿಳಿದ ಧರಣಿ. ನಮ್ಮ ಗ್ರೂಪಿನಲ್ಲಿ ಚರಂಡಿಯ ಲೆಕ್ಕ.

ವಾಯ್ಸ್ ನೋಟನ್ನು ವಿಧಾನಸೌಧದ ಮೊಗಸಾಲೆಯಲ್ಲಿ ರೆಕಾರ್ಡ್ ಮಾಡಬೇಡಿ, ಗವಿಯೊಳಗೆ ಮಾತಾಡಿದಂತೆ ಕೇಳುತ್ತದೆ. ಎಸಿ ಆಫ್ ಮಾಡಿದ ಕಾರು ವಾಸಿ. ಕಳಿಸುವ ಹೊತ್ತಿನ ಮೇಲೂ ಒಂದಷ್ಟು ಪ್ರಯೋಗ ಮಾಡಿದೆ: ಬೆಳಗಿನ ಹಾಲಿನ ಹೊತ್ತಿಗೆ ಕಳಿಸಿದ್ದು ಗುಡ್ ಮಾರ್ನಿಂಗ್ ಹೂಗಳಡಿ ಹೂತುಹೋಯಿತು, ರಾತ್ರಿ ಎಂಟೂವರೆ ಒಗ್ಗಿತು. ತಮಿಳು, ತೆಲುಗು ದನಿಯಲ್ಲೂ ಮಾಡಿಸಿದೆ. ತೆಲುಗು ಓಡಿತು, ತಮಿಳಿನವರು "ಕನ್ನಡದ್ದೇ ಅರ್ಥ ಆಗುತ್ತೆ ಬಿಡಿ" ಅಂದರು. ಕ್ಯೂಆರ್ ಕೋಡ್ ಅಚ್ಚು ಹಾಕಿಸಿ ಹಾಲಿನ ಬೂತಿಗೆ ಅಂಟಿಸಿದ್ದು ದಂಡ. ಅದರ ಮೇಲೆ ಪಿಜಿ ಜಾಹೀರಾತು ಬಿತ್ತು.

ವಾಟ್ಸಾಪಿನ ಬ್ರಾಡ್‌ಕಾಸ್ಟ್ ಲಿಸ್ಟಿಗೆ (ಒಂದೇ ಮೆಸೇಜನ್ನು ಹಲವರಿಗೆ ಬೇರೆ ಬೇರೆಯಾಗಿ ಕಳಿಸುವ ಪಟ್ಟಿ) 256 ಜನರ ಮಿತಿ, ನಮ್ಮ ನಂಬರ್ ಸೇವ್ ಮಾಡಿಕೊಂಡವರಿಗಷ್ಟೇ ತಲುಪುತ್ತದೆ ಅನ್ನುವುದು ನಿಮಗೂ ಗೊತ್ತು. ಸೇವ್ ಮಾಡಿಸೋದು ಹೇಗೆ? ಅದಕ್ಕೆ ನನ್ನದೊಂದು ಉಪಾಯ ಇದೆ, ಚುನಾವಣೆ ಮುಗಿಯೋವರೆಗೆ ಹೇಳಲ್ಲ. ಅನುಬಂಧದಲ್ಲಿ ಬೀದಿವಾರು ಪಟ್ಟಿಯೇ ಬರುವಂತೆ ಪ್ರಶ್ನೆ ಬರೆಯುವುದೂ ಹಾಗೇ.

ಈಗ ಒಂದು ಅಧಿವೇಶನಕ್ಕೆ ಖರ್ಚು ಹೆಚ್ಚೆಂದರೆ ನಾಲ್ಕೈದು ಸಾವಿರ, ಅದೂ ಡೇಟಾ ಮತ್ತು ಹುಡುಗರ ಕಾಫಿ-ತಿಂಡಿಗೆ. ಕಳೆದ ಸಲ ಬೆಳಗಾವಿಯಲ್ಲಿದ್ದಾಗ ಕಚೇರಿಗೆ ಬರುವ ಬೈಗುಳದ ಫೋನು ಅರ್ಧಕ್ಕರ್ಧ ಇಳಿದಿತ್ತು. ಬಾಕಿ ಅರ್ಧ ಇ-ಖಾತೆಯದ್ದು. ಮುಂದಿನ ಸಲಕ್ಕೆ ಅದರ ಮೇಲೇ ಪ್ರಶ್ನೆ ಬರೆದಿಟ್ಟಿದ್ದೇನೆ, ಅ) ಇಂದ ಉ)ವರೆಗೆ.