ಬ್ಯಾಟರಿ ಬದಲಿಸುವುದು ಯಾರ ಕೆಲಸ?

ಅಡುಗೆಯವರು ಹೇಳದಿದ್ದರೆ ನಮಗೆ ಇನ್ನೂ ಎಷ್ಟು ದಿನ ತಿಳಿಯುತ್ತಿರಲಿಲ್ಲವೋ. ಒಂದು ಮಧ್ಯಾಹ್ನ ಬಿಸಿಯೂಟದ ಪಾತ್ರೆ ತೊಳೆಯುತ್ತಾ ಅವರು, “ಮೇಡಂ, ಆ ನಾಲ್ಕನೇ ತರಗತಿಯ ಹುಡುಗನಿಗೆ ಹಿಂದಿನಿಂದ ‘ಸಾಂಬಾರು ಬೇಕೇನೋ’ ಎಂದು ಕೇಳಿದರೆ ಈಚೆಗೆ ತಿರುಗಿಯೇ ನೋಡುವುದಿಲ್ಲ. ಮೊದಲು ಹಾಗಿರಲಿಲ್ಲ” ಎಂದರು. ಹುಡುಗನನ್ನು ಕರೆದು ಕಿವಿಯ ಶ್ರವಣ ಸಾಧನ ತೆಗೆಸಿ ನೋಡಿದೆ. ಬ್ಯಾಟರಿ ಸತ್ತಿತ್ತು. ಯಾವಾಗಿನಿಂದ ಎಂದರೆ, ದಸರಾ ರಜೆಗೂ ಮೊದಲಿನಿಂದ. ಆಗ ದೀಪಾವಳಿ ಹತ್ತಿರ ಬಂದಿತ್ತು. ರಜೆ ಮುಗಿದ ಮೇಲೂ ಅವನು ದಿನವೂ ಆ ಯಂತ್ರ ಸಿಕ್ಕಿಸಿಕೊಂಡು ಬಂದು, ಪಕ್ಕದವನ ಪುಸ್ತಕ ನೋಡಿ ಬರೆದುಕೊಂಡು ಮನೆಗೆ ಹೋಗುತ್ತಿದ್ದ. ಕೆಲಸ ಮಾಡದ ಯಂತ್ರ ಕಿವಿಗೆ ಬಿರಡೆ ಹಾಕಿದ ಹಾಗೆ. ಅದು ಇಲ್ಲದಿದ್ದರೇ ಅವನಿಗೆ ಸ್ವಲ್ಪ ಹೆಚ್ಚು ಕೇಳಿಸುತ್ತಿತ್ತು.

ಮರುದಿನ ಸಿಬ್ಬಂದಿ ಸಭೆ ಕರೆದೆ. ಬಿಐಇಆರ್‌ಟಿ ನೋಡಿಕೊಳ್ಳುತ್ತಾರೆ ಎಂದು ತರಗತಿ ಶಿಕ್ಷಕಿ ಅಂದುಕೊಂಡಿದ್ದರು. ಬಿಐಇಆರ್‌ಟಿ ಎಂದರೆ ತಾಲ್ಲೂಕಿನ ಸಮನ್ವಯ ಶಿಕ್ಷಣದ, ಅಂದರೆ ವಿಕಲಚೇತನ ಮಕ್ಕಳನ್ನು ಎಲ್ಲರ ಜೊತೆ ಓದಿಸುವುದರ, ಸಂಪನ್ಮೂಲ ಶಿಕ್ಷಕರು; ಅವರಿಗೆ ಹತ್ತಾರು ಶಾಲೆಗಳು. ನಮ್ಮಲ್ಲಿಗೆ ಬರುವುದು ಹದಿನೈದು ದಿನಕ್ಕೊಮ್ಮೆ, ಮಳೆಗಾಲದಲ್ಲಿ ಅದೂ ಇಲ್ಲ. ಮನೆಯಲ್ಲಿ ಬದಲಿಸುತ್ತಾರೆ ಎಂದು ಅವರ ನಂಬಿಕೆ. ಶಾಲೆಯಲ್ಲಿ ಬದಲಿಸುತ್ತಾರೆ ಎಂದು ಮನೆಯವರ ನಂಬಿಕೆ. ನಾನೋ, ತರಗತಿ ಶಿಕ್ಷಕಿ ಇದ್ದಾರಲ್ಲ ಎಂದುಕೊಂಡಿದ್ದೆ. ಬ್ಯಾಟರಿಗಳ ಪೊಟ್ಟಣ ನನ್ನ ಬೀರುವಿನಲ್ಲೇ ಇತ್ತು.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 16ನೇ ಸೆಕ್ಷನ್ ಓದಿದರೆ ಶಾಲೆಗಳ ಕರ್ತವ್ಯಗಳು ಸ್ಪಷ್ಟವಾಗಿಯೇ ಇವೆ: ಕಟ್ಟಡ ಎಲ್ಲರೂ ಬಳಸುವಂತಿರಬೇಕು, ಕಲಿಕೆಯ ತೊಂದರೆಗಳನ್ನು ಆದಷ್ಟು ಬೇಗ ಗುರುತಿಸಬೇಕು, ಪ್ರತಿ ಮಗುವಿನ ಪ್ರಗತಿಯನ್ನು ಗಮನಿಸುತ್ತಿರಬೇಕು. ಎಲ್ಲವನ್ನೂ ಮಾಡಬೇಕಾದದ್ದು ‘ಸಂಸ್ಥೆ’. ಸಂಸ್ಥೆಗೆ ಕೈಕಾಲಿಲ್ಲ. ಇರುವುದು ನಾವು ಆರು ಜನ ಶಿಕ್ಷಕರು, ಇಬ್ಬರು ಅಡುಗೆಯವರು.

ಆ ಸಂಜೆ ಇನ್ನೂರು ಪುಟದ ಒಂದು ನೋಟ್‌ಬುಕ್ಕಿನಲ್ಲಿ ಮೂರು ಕಾಲಂ ಎಳೆದೆ. ಮೊದಲನೆಯದು ಕೆಲಸ, ಎರಡನೆಯದು ಅದನ್ನು ಮಾಡುವವರ ಹೆಸರು, ಮೂರನೆಯದು ಅವರಿಲ್ಲದ ದಿನ ಮಾಡುವವರ ಹೆಸರು. ಸರ್ಕಾರಿ ಶಾಲೆಯಲ್ಲಿ ಕೆಲಸ ಮಾಡಿದವರಿಗೆ ಮೂರನೆಯದು ಏಕೆ ಎಂದು ವಿವರಿಸಬೇಕಾಗಿಲ್ಲ. ತರಬೇತಿ, ಚುನಾವಣೆ, ಸಮೀಕ್ಷೆ ಎಂದು ಒಬ್ಬರಲ್ಲ ಒಬ್ಬರು ಹೊರಗೇ ಇರುತ್ತಾರೆ. ಕೆಲಸವನ್ನು ಆದಷ್ಟು ಸಣ್ಣದಾಗಿ ಬರೆದೆವು. ‘ಶ್ರವಣದೋಷವುಳ್ಳ ಮಗುವಿಗೆ ಬೆಂಬಲ’ ಎಂದು ಬರೆದರೆ ಯಾರೂ ಏನೂ ಮಾಡುವುದಿಲ್ಲ. ‘ಪ್ರಾರ್ಥನೆಗೆ ಮೊದಲು ಯಂತ್ರ ಪರೀಕ್ಷೆ’ ಎಂದು ಬರೆದರೆ ಮಾಡಿದರೋ ಇಲ್ಲವೋ ಗೊತ್ತಾಗುತ್ತದೆ.

ಪರೀಕ್ಷೆ ಮಾಡುವುದನ್ನು ಬಿಐಇಆರ್‌ಟಿ ಕಲಿಸಿಕೊಟ್ಟರು. ಚಾಲೂ ಇರುವ ಯಂತ್ರವನ್ನು ಅಂಗೈಯಲ್ಲಿ ಮುಚ್ಚಿ ಹಿಡಿದರೆ ಸಿಳ್ಳೆ ಹಾಕುತ್ತದೆ. ಸಿಳ್ಳೆ ಇಲ್ಲದಿದ್ದರೆ ಮೊದಲು ಬ್ಯಾಟರಿ ನೋಡಬೇಕು. ಆಮೇಲೆ ಹುಡುಗ ಯಂತ್ರ ಹಾಕಿಕೊಂಡಾಗ ಶಿಕ್ಷಕಿ ತುಟಿ ಕಾಣದಂತೆ ಪುಸ್ತಕ ಅಡ್ಡ ಹಿಡಿದು ಆ, ಈ, ಊ, ಮ್, ಶ್, ಸ್ ಎಂಬ ಆರು ಧ್ವನಿಗಳನ್ನು ಒಂದೊಂದಾಗಿ ಹೇಳಬೇಕು, ಅವನು ಕೇಳಿದ್ದನ್ನು ಮರಳಿ ಹೇಳಬೇಕು. ಎರಡು ನಿಮಿಷವೂ ಬೇಡ. ಬ್ಯಾಟರಿಯ ಮೇಲಿನ ಬಣ್ಣದ ಚೀಟಿಯನ್ನು ಮೊದಲೇ ಕಿತ್ತಿಡಬಾರದು, ಗಾಳಿ ತಾಗಿದೊಡನೆ ಅದು ಖರ್ಚಾಗಲು ತೊಡಗುತ್ತದೆ ಎಂಬುದೂ ನಮಗೆ ಅಂದೇ ತಿಳಿದದ್ದು. ಮಲೆನಾಡಿನ ತೇವಕ್ಕೆ ಯಂತ್ರ ಕೆಡದಿರಲೆಂದು, ಹೊಸ ಚಪ್ಪಲಿ ಡಬ್ಬಿಯಲ್ಲಿ ಬರುವ ಸಿಲಿಕಾ ಪೊಟ್ಟಣಗಳನ್ನು ಮುಚ್ಚಳದ ಡಬ್ಬಿಗೆ ಹಾಕಿ ಅವನ ತಾಯಿಗೆ ಕೊಟ್ಟೆವು. ರಾತ್ರಿ ಬ್ಯಾಟರಿ ತೆಗೆದು ಯಂತ್ರವನ್ನು ಅದರಲ್ಲಿಡುತ್ತಾರೆ. ವಾರದೊಳಗೆ ಇಡೀ ತರಗತಿ ನಮ್ಮನ್ನೂ ಪರೀಕ್ಷಿಸಿ ಎಂದು ಸಾಲು ನಿಂತಿತು. ಆ ಸಾಲಿನಲ್ಲಿ ಇನ್ನೊಬ್ಬ ಹುಡುಗಿಗೆ ‘ಸ್’ ಕೇಳಿಸಲೇ ಇಲ್ಲ. ಅವಳ ವಿಷಯ ನಮ್ಮ ಯಾವ ದಾಖಲೆಯಲ್ಲೂ ಇರಲಿಲ್ಲ.

ಇವನು ಮೂರನೇ ತರಗತಿಯವರೆಗೆ ಚೆನ್ನಾಗಿಯೇ ಓದುತ್ತಿದ್ದದ್ದು ಏಕೆಂದು ನನಗೆ ತಡವಾಗಿ ಹೊಳೆಯಿತು. ಮೂರನೆಯದರವರೆಗಿನ ನಲಿಕಲಿ ತರಗತಿಗಳಲ್ಲಿ ಶಿಕ್ಷಕಿ ಮಕ್ಕಳ ಗುಂಪಿನ ನಡುವೆ, ಒಂದು ಮೊಳ ದೂರದಲ್ಲಿ ಕುಳಿತಿರುತ್ತಾರೆ. ನಾಲ್ಕಕ್ಕೆ ಬಂದೊಡನೆ ಶಿಕ್ಷಕರು ಎದ್ದು ನಿಲ್ಲುತ್ತಾರೆ, ಬೋರ್ಡಿನ ಕಡೆ ತಿರುಗುತ್ತಾರೆ, ಬರೆಯುತ್ತಲೇ ಮಾತನಾಡುತ್ತಾರೆ. ಹಾಗಾಗಿ ‘ಬೋರ್ಡಿಗೆ ಮುಖ ಮಾಡಿ ಮಾತನಾಡಬಾರದು’ ಎಂಬ ಸಾಲಿನ ಮುಂದೆ ನಾಲ್ಕನೇ ತರಗತಿಗೆ ಹೋಗುವ ಎಲ್ಲರ ಹೆಸರೂ ಬಂತು. ಗಣಿತದ ಮೇಷ್ಟರು ಒಪ್ಪಲಿಲ್ಲ. “ನಾನು ವಿಶೇಷ ಶಿಕ್ಷಣ ಓದಿದವನಲ್ಲ ಮೇಡಂ” ಎಂದರು. ತಿರುಗಿ ನಿಲ್ಲುವುದಕ್ಕೆ ಯಾವ ಪದವಿ ಬೇಕು ಎಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ಮೂವತ್ತು ವರ್ಷದ ಅಭ್ಯಾಸ ಬಿಡುವುದು ಸುಲಭವಲ್ಲ ಎಂಬುದೂ ನಿಜ. ಕೊನೆಗೆ ಮೇಷ್ಟರೇ ಒಂದು ಉಪಾಯ ಕಂಡುಕೊಂಡರು: ಮರೆತಾಗಲೆಲ್ಲ ಆ ಹುಡುಗ ಮೇಜು ಕುಟ್ಟಬೇಕು. ಮೊದಲ ತಿಂಗಳು ಆ ಕೋಣೆಯಿಂದ ಮೇಜಿನ ಸದ್ದು ನನ್ನ ಕಚೇರಿಯವರೆಗೂ ಬರುತ್ತಿತ್ತು.

ನೋಟ್‌ಬುಕ್ಕಿಗೆ ಬಗ್ಗದ ಕೆಲಸಗಳೂ ಇದ್ದವು. ಗಾಲಿಕುರ್ಚಿಯಲ್ಲಿ ಬರುವ ಎರಡನೇ ತರಗತಿಯ ಹುಡುಗಿಗೆ ಇಳಿಜಾರು ಇದೆ. ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ ಬೇಕಾದ ಕಡೆ, ಒಂದೂವರೆ ಅಡಿಗೆ ಆರೇ ಅಡಿ ಕಟ್ಟಿ ಹೋಗಿದ್ದಾರೆ. ಇಳಿಯುವಾಗ ಇಬ್ಬರು ಹಿಡಿಯಬೇಕು. ಅದಕ್ಕಿಂತ ಕಷ್ಟದ್ದು ಶೌಚಾಲಯ. ಹೆಚ್ಚಿನ ನೆರವು ಬೇಕಾದ ಮಕ್ಕಳ ಜೊತೆಗಿರುವ ಸಹಾಯಕರ ಪ್ರಸ್ತಾಪ ಕಾಯ್ದೆಯಲ್ಲಿದೆ. ನಮ್ಮಲ್ಲಿ ಅವಳ ತಾಯಿಯೇ ತೋಟದ ಕೂಲಿ ಬಿಟ್ಟು ದಿನಕ್ಕೆರಡು ಸಲ ಬರುತ್ತಿದ್ದರು. ಈ ಸಾಲಿನ ಮುಂದೆ ಹೆಸರು ಬರೆಯಿರಿ ಎಂದಾಗ ಸಭೆ ಮೌನವಾಯಿತು. ನನ್ನ ಹೆಸರು ಬರೆದುಕೊಂಡೆ, ಮೂರನೇ ಕಾಲಂನಲ್ಲಿ ನಲಿಕಲಿ ಶಿಕ್ಷಕಿ ತಮ್ಮದನ್ನು ಬರೆದರು. ಮೊದಲ ವಾರ ನನಗೂ ಹಿಂಜರಿಕೆಯಿತ್ತು. ಆ ಮಗುವಿಗೆ ಅದು ಗೊತ್ತಾಗಿತ್ತು ಎಂದೇ ಈಗಲೂ ಅನಿಸುತ್ತದೆ. ಸಹಾಯಕರಿಗಾಗಿ ಬರೆದ ಮನವಿಯ ನಕಲುಗಳು ಫೈಲಿನಲ್ಲಿವೆ. ಈಗ ತಾಯಿ ಕೆಲಸಕ್ಕೆ ಹೋಗುತ್ತಾರೆ, ನನಗೆ ಮೀಟಿಂಗ್ ಇರುವ ದಿನಗಳಲ್ಲಿ ಗಡಿಬಿಡಿ ತಪ್ಪಿಲ್ಲ.

ಹುಡುಗ ಈ ಜೂನ್‌ನಲ್ಲಿ ಏಳನೆಯದು ಮುಗಿಸಿ ಪಕ್ಕದೂರಿನ ಪ್ರೌಢಶಾಲೆಗೆ ಸೇರಿದ. ವರ್ಗಾವಣೆ ಪತ್ರದ ಜೊತೆ ಅವನ ಪುಟಗಳ ನಕಲನ್ನೂ ಕಳುಹಿಸಿದ್ದೆ. ವಾರದ ನಂತರ ಅಲ್ಲಿಯ ಮುಖ್ಯ ಶಿಕ್ಷಕರ ಫೋನ್ ಬಂತು. “ಮೇಡಂ, ಎರಡನೇ ಕಾಲಂ ಹೇಗೋ ತುಂಬಿಸಿದೆ. ಮೂರನೆಯದಕ್ಕೆ ಯಾರನ್ನು ತರಲಿ? ನಮ್ಮಲ್ಲಿ ಇಬ್ಬರು ಅತಿಥಿ ಶಿಕ್ಷಕರು ಇನ್ನೂ ಬಂದಿಲ್ಲ” ಎಂದರು. ನಿಮ್ಮ ಅಡುಗೆಯವರ ಹೆಸರು ಬರೆದುಕೊಳ್ಳಿ ಸಾರ್ ಎಂದೆ.