ಹಳೇ ಜಿಪ್ಸಿಗೆ ಎರಡು ಇಂಚು ಲಿಫ್ಟ್: ಬಿಚ್ಚುವ ಮೊದಲು ಅಳತೆ, ಬಿಗಿಯುವ ಮೊದಲು ಭಾರ

ಮಾರುತಿ ಜಿಪ್ಸಿ 1985ರಲ್ಲಿ ರಸ್ತೆಗಿಳಿಯಿತು. ತಯಾರಿಕೆ ನಿಂತು ವರ್ಷಗಳಾದರೂ ಕೊಡಗು, ಸಕಲೇಶಪುರ, ಚಿಕ್ಕಮಗಳೂರಿನ ತೋಟಗಳಲ್ಲಿ ಅದರ ದುಡಿಮೆ ನಿಂತಿಲ್ಲ. ಸುಮಾರು ಒಂದು ಟನ್ ತೂಕ, ಮುಂದೆಯೂ ಹಿಂದೆಯೂ ಗಟ್ಟಿ ಹೌಸಿಂಗ್ (ಎರಡು ಚಕ್ರಗಳ ನಡುವಿನ ಆಕ್ಸಲ್ ಕವಚ), ನಾಲ್ಕು ಮೂಲೆಗೂ ಕಮಾನು ಪಟ್ಟಿ (ಲೀಫ್ ಸ್ಪ್ರಿಂಗ್). ಇಷ್ಟು ಸರಳವಾದ ಗಾಡಿಯಾದ್ದರಿಂದಲೇ ಇದನ್ನು ಏರಿಸುವುದು ಸುಲಭ, ಕೆಡಿಸುವುದೂ ಅಷ್ಟೇ ಸುಲಭ. ಸಸ್ಪೆನ್ಷನ್ ಏರಿಸಿದಾಗ ಬದಲಾಗುವುದು ಎತ್ತರವೊಂದೇ ಅಲ್ಲ. ಹೌಸಿಂಗಿಗೆ ಎಂಜಿನ್ ಬಲ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ಕೋನ, ಸ್ಟೀರಿಂಗ್ ರಾಡಿನ ಇಳಿಜಾರು, ಬ್ರೇಕ್ ಹೋಸಿನ ಸಡಿಲು, ಎಲ್ಲವೂ ಒಟ್ಟಿಗೆ ಬದಲಾಗುತ್ತವೆ.

ಮೊದಲು ಒಂದು ತಪ್ಪು ತಿಳಿವಳಿಕೆ ಬಿಡಬೇಕು. ಲಿಫ್ಟ್ ಚಾಸಿಯನ್ನು ಏರಿಸುತ್ತದೆ, ಹೌಸಿಂಗನ್ನಲ್ಲ. ಕಲ್ಲಿಗೆ ಮೊದಲು ಬಡಿಯುವ ಡಿಫರೆನ್ಷಿಯಲ್ ಗುಂಡು (ಹೌಸಿಂಗಿನಲ್ಲಿ ಗೇರುಗಳಿರುವ ಉಬ್ಬು) ಇದ್ದಲ್ಲೇ ಇರುತ್ತದೆ. ಅದನ್ನು ಏರಿಸುವುದು ದೊಡ್ಡ ಟೈರ್ ಮಾತ್ರ. ಜಿಪ್ಸಿಯ 205/70 ಆರ್ 15 ಟೈರಿನ ವ್ಯಾಸ ಸುಮಾರು 668 ಮಿ.ಮೀ.; 235/75 ಆರ್ 15ರದ್ದು ಸುಮಾರು 733. ವ್ಯತ್ಯಾಸದ ಅರ್ಧ, ಅಂದರೆ 33 ಮಿ.ಮೀ. ಮಾತ್ರ ಗುಂಡಿನ ಕೆಳಗೆ ಸಿಗುವ ಲಾಭ. ಆ ಟೈರ್ ಮಡ್‌ಗಾರ್ಡಿಗೆ ಉಜ್ಜದೆ ತಿರುಗಲು ಜಾಗ ಮಾಡಿಕೊಡುವುದೇ ಲಿಫ್ಟಿನ ಮುಖ್ಯ ಕೆಲಸ. ಇಂಥ ಟೈರಿನಲ್ಲಿ ಸ್ಪೀಡೋಮೀಟರ್ 60 ತೋರಿಸುವಾಗ ಗಾಡಿ 66ರ ಹತ್ತಿರ ಓಡುತ್ತಿರುತ್ತದೆ ಎಂಬುದೂ ನೆನಪಿರಲಿ. ಒಂದು ಲೀಟರಿನ ಹಳೆಯ ಎಂಜಿನ್ ಇದ್ದರೆ 215/75 ಆರ್ 15 ಸಾಕು. ಅದಕ್ಕಿಂತ ದೊಡ್ಡದು ಹಾಕಿದರೆ ಏರಿನಲ್ಲಿ ಎಂಜಿನ್ ಏದುಸಿರು ಬಿಡುತ್ತದೆ.

ಕಾನೂನಿನ ಮಾತನ್ನೂ ಇಲ್ಲೇ ಹೇಳಬೇಕು. ನೋಂದಣಿ ಪತ್ರದಲ್ಲಿರುವ, ತಯಾರಕರು ಗೊತ್ತುಪಡಿಸಿದ ವಿವರಗಳಿಗೆ ಹೊಂದದಂತೆ ಗಾಡಿಯನ್ನು ಬದಲಿಸುವುದನ್ನು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಡೆಯುತ್ತದೆ. ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಒಂದೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಸಜೆ, ಇಲ್ಲವೇ ಎರಡಕ್ಕೂ ಅವಕಾಶವಿದೆ. ಹಾಗಾಗಿ ಈ ಕೆಲಸ ತೋಟದೊಳಗೆ ದುಡಿಯುವ, ಆಫ್‌ರೋಡ್ ಸ್ಪರ್ಧೆಗೆ ಟ್ರಕ್ಕಿನಲ್ಲಿ ಸಾಗಿಸುವ ಗಾಡಿಗಳಿಗೆ. ದಿನವೂ ಹೆದ್ದಾರಿಯಲ್ಲಿ ಓಡುವ ಗಾಡಿಗೆ ಬೇಡ.

ಯಾವ ದಾರಿಯಲ್ಲಿ ಏರಿಸುವುದು?

ಉದ್ದ ಶಾಕಲ್ (ಪಟ್ಟಿಯ ತುದಿಯನ್ನು ಚಾಸಿಗೆ ತೂಗುಹಾಕುವ ಕೊಂಡಿ) ಎಲ್ಲಕ್ಕಿಂತ ಅಗ್ಗ. ಆದರೆ ಶಾಕಲ್ ಇರುವುದು ಪಟ್ಟಿಯ ಒಂದು ತುದಿಗೆ ಮಾತ್ರ. ಆದ್ದರಿಂದ ಶಾಕಲ್ 2 ಇಂಚು ಉದ್ದವಾದರೆ ಗಾಡಿ ಏರುವುದು 1 ಇಂಚು. ಜಿಪ್ಸಿಯ ಮುಂಭಾಗದಲ್ಲಿ ಶಾಕಲ್ ಮುಂತುದಿಯಲ್ಲಿದೆ. ಅದನ್ನು ಉದ್ದ ಮಾಡಿದರೆ ಪಟ್ಟಿಯ ಮೂತಿ ಕೆಳಗೆ ವಾಲಿ, ಅದರೊಂದಿಗೆ ಹೌಸಿಂಗೂ ಮುಂದಕ್ಕೆ ತಿರುಗಿ ಕ್ಯಾಸ್ಟರ್ (ಚಕ್ರ ತಿರುಗುವ ಅಚ್ಚು ಹಿಂದಕ್ಕೆ ವಾಲಿರುವ ಕೋನ) ಕಡಿಮೆಯಾಗುತ್ತದೆ. ಆಮೇಲೆ ಸ್ಟೀರಿಂಗ್ ತಾನಾಗಿ ನೇರಕ್ಕೆ ಬರುವುದಿಲ್ಲ, ಗಾಡಿ ಅತ್ತಿತ್ತ ಅಲೆಯುತ್ತದೆ.

ಬ್ಲಾಕ್ ಹಾಕುವ ಯೋಚನೆ ಜಿಪ್ಸಿಗೆ ತಿರುಗುಬಾಣ. ಇದರಲ್ಲಿ ಪಟ್ಟಿ ಹೌಸಿಂಗಿನ ಕೆಳಗಿದೆ. ಇವೆರಡರ ನಡುವೆ ಬ್ಲಾಕ್ ಇಟ್ಟರೆ ಪಟ್ಟಿ ಇನ್ನೂ ಕೆಳಗೆ ಹೋಗಿ ಗಾಡಿ ಏರುವ ಬದಲು ಇಳಿಯುತ್ತದೆ. ಪಟ್ಟಿಯನ್ನೇ ಹೌಸಿಂಗಿನ ಮೇಲೆ ಕೂರಿಸಿದರೆ ಸುಮಾರು 5 ಇಂಚು ಏರುತ್ತದೆ, ನಿಜ. ಆದರೆ ಹೌಸಿಂಗಿಗೆ ಹೊಸ ಕೂರು (ಪಟ್ಟಿ ಕೂರುವ ಪೀಠ) ವೆಲ್ಡ್ ಮಾಡಬೇಕು, ಸ್ಟೀರಿಂಗ್ ರಾಡು, ಪ್ರೊಪೆಲ್ಲರ್ ಶಾಫ್ಟ್, ಬ್ರೇಕ್ ಪೈಪು ಎಲ್ಲ ಬದಲಿಸಬೇಕು. ಅದು ಪಳಗಿದ ಫ್ಯಾಬ್ರಿಕೇಟರ್ ಕೆಲಸ.

ಕಮಾನು ಕಟ್ಟುವವರಲ್ಲಿ ಹಳೇ ಪಟ್ಟಿಯನ್ನೇ ಬಡಿಸಿ ಬಾಗಿಸಿಕೊಳ್ಳುವವರೂ ಇದ್ದಾರೆ. ಗ್ಯಾಸಿನಲ್ಲಿ ಕಾಯಿಸಿ ಬಾಗಿಸಿದ ಪಟ್ಟಿ ಹದ ಕಳೆದುಕೊಂಡು ಬೇಗ ಇಳಿಯುತ್ತದೆ. ಬೇರೆ ಗಾಡಿಯ ಪಟ್ಟಿ ಸೇರಿಸಿದರೆ ಎತ್ತರ ಬರುವುದು ಬಿಗುವಿನಿಂದ; ಖಾಲಿ ಗಾಡಿ ಕುಪ್ಪಳಿಸುತ್ತದೆ, ಗುಂಡಿಯಲ್ಲಿ ಚಕ್ರ ಕೆಳಗಿಳಿಯದೆ ಗಾಳಿಯಲ್ಲಿ ನಿಲ್ಲುತ್ತದೆ. ಹೆಚ್ಚು ಕಮಾನಿರುವ ಹೊಸ 2 ಇಂಚಿನ ಪಟ್ಟಿ ಸೆಟ್, ಅದಕ್ಕೆ ಹೊಂದುವ ಉದ್ದ ಶಾಕ್ ಅಬ್ಸಾರ್ಬರ್: ಇದೇ ಸರಿಯಾದ ದಾರಿ. ಮುಂದಿನ ವಿವರವೆಲ್ಲ ಇದಕ್ಕೇ.

ಏನೇನು ಬೇಕು

ಪಟ್ಟಿ ಸೆಟ್ 4, ಶಾಕ್ 4, ಪಟ್ಟಿಯನ್ನು ಹೌಸಿಂಗಿಗೆ ಬಿಗಿಯುವ ಹೊಸ ಯು ಬೋಲ್ಟ್ 8 ನಟ್ಟು ಸಮೇತ, ಎಲ್ಲ ಕಣ್ಣು (ಪಟ್ಟಿಯ ತುದಿಯ ಬಳೆ) ಮತ್ತು ಶಾಕಲ್‌ಗಳ ರಬ್ಬರ್ ಬುಷ್, ಹೊಸ ಶಾಕಲ್ ಪಿನ್ನು, ಉದ್ದದ ಬ್ರೇಕ್ ಹೋಸ್, ಡಾಟ್ 3 ಬ್ರೇಕ್ ಆಯಿಲ್ ಅರ್ಧ ಲೀಟರ್. ಹಳೇ ಯು ಬೋಲ್ಟನ್ನು ಮತ್ತೆ ಹಾಕಲೇಬೇಡಿ. ಒಮ್ಮೆ ಬಿಗಿದು ಹಿಗ್ಗಿದ ಮರೆ (ಬೋಲ್ಟಿನ ತಿರುಪು ಗೆರೆ) ಎರಡನೇ ಸಲ ಬಿಗಿ ಹಿಡಿಯುವುದಿಲ್ಲ. ಟ್ರಾಲಿ ಜಾಕಿ 1, ಜಾಕಿ ಸ್ಟ್ಯಾಂಡ್ 4, ಟಾರ್ಕ್ ರೆಂಚ್, ಫೋನಿನಲ್ಲಿ ಕೋನ ಅಳೆಯುವ ಆ್ಯಪ್ ಇದ್ದರೆ ಸಾಕು. ಇಟ್ಟಿಗೆ, ಮರದ ದಿಮ್ಮಿ ಜೋಡಿಸಿ ಗಾಡಿ ಕೆಳಗೆ ಹೋಗುವುದು ಪ್ರಾಣಕ್ಕೇ ಅಪಾಯ.

ಕೆಲಸಕ್ಕೆ ಎರಡು ದಿನ ಮುಂಚೆಯೇ ಎಲ್ಲ ನಟ್ಟು, ಪಿನ್ನುಗಳಿಗೆ ತುಕ್ಕು ಬಿಡಿಸುವ ಎಣ್ಣೆ ಹೊಡೆಯಿರಿ. ಮಲೆನಾಡಿನ ಮಳೆ ತಿಂದ ಗಾಡಿಯಲ್ಲಿ ಪಿನ್ನು ಬುಷ್‌ಗೆ ಕಚ್ಚಿಕೊಂಡಿರುತ್ತದೆ. ಬಾರದಿದ್ದರೆ ಗ್ರೈಂಡರಿನಲ್ಲಿ ಕತ್ತರಿಸಬೇಕಾಗುತ್ತದೆ. ಹಿಂಭಾಗದಲ್ಲಿ ಗ್ಯಾಸ್ ಟಾರ್ಚ್ ಹಿಡಿಯುವಂತಿಲ್ಲ, ಪೆಟ್ರೋಲ್ ಟ್ಯಾಂಕ್ ಇರುವುದು ಅಲ್ಲೇ. ಗ್ರೈಂಡರಿನ ಕಿಡಿಯೂ ಆ ಕಡೆ ಹಾರದಂತೆ ತಗಡು ಅಡ್ಡವಿಡಿ. ಇದೇ ಹೊತ್ತಿನಲ್ಲಿ ಚಾಸಿಯ ಶಾಕಲ್ ಹ್ಯಾಂಗರ್, ಸ್ಟೀರಿಂಗ್ ಬಾಕ್ಸ್ ಕೂರುವ ಜಾಗಗಳನ್ನು ಸ್ಕ್ರೂಡ್ರೈವರಿನಿಂದ ಕುಟ್ಟಿ ನೋಡಿ. ಮೊನೆ ಒಳಗಿಳಿದರೆ ಮೊದಲು ಚಾಸಿ ಕೆಲಸ, ಲಿಫ್ಟ್ ಆಮೇಲೆ.

ಅಳತೆ

ಸಮತಟ್ಟು ನೆಲ, ನಾಲ್ಕೂ ಟೈರಿಗೆ ಸಮ ಗಾಳಿ. ಪ್ರತಿ ಚಕ್ರದ ಹಬ್ ನಡುವಿನಿಂದ ಮಡ್‌ಗಾರ್ಡ್ ಅಂಚಿನವರೆಗಿನ ಎತ್ತರ ಬರೆದಿಡಿ. ಹಳೇ ಪಟ್ಟಿ ಒಂದು ಇಂಚು ಕುಸಿದಿದ್ದರೆ 2 ಇಂಚಿನ ಸೆಟ್ ಹಾಕಿದ ಮೇಲೆ ಟೇಪು 3 ಇಂಚು ತೋರಿಸಬಹುದು, ಗಾಬರಿ ಬೇಡ. ಮುಂದೆ, ಹಿಂದೆ ಪ್ರೊಪೆಲ್ಲರ್ ಶಾಫ್ಟ್ ಸೇರುವ ಫ್ಲಾಂಜುಗಳ ಕೋನವನ್ನೂ ಬರೆದುಕೊಳ್ಳಿ. ಶಾಫ್ಟಿನ ಜಾರುವ ಹಲ್ಲಿನ ಭಾಗಕ್ಕೆ ಬಣ್ಣದ ಗೆರೆ ಎಳೆಯಿರಿ. ಬಿಚ್ಚಿ ಒಂದು ಹಲ್ಲು ತಪ್ಪಿಸಿ ಕೂರಿಸಿದರೂ ಶಾಫ್ಟಿನ ಎರಡು ತುದಿಯ ಕ್ರಾಸ್‌ಗಳ (ಯೂನಿವರ್ಸಲ್ ಜಾಯಿಂಟ್) ನೊಗ ಒಂದೇ ಸಾಲಿಗೆ ಬರದೆ ಗಾಡಿ ನಡುಗುತ್ತದೆ.

ಹಿಂಭಾಗದಿಂದ ಶುರು

ಮುಂಚಕ್ರಕ್ಕೆ ಅಡ್ಡ ಕೊಟ್ಟು, ಹಿಂಭಾಗ ಎತ್ತಿ ಚಾಸಿಗೆ ಸ್ಟ್ಯಾಂಡ್ ಕೊಡಿ. ಹೌಸಿಂಗಿನ ಕೆಳಗೆ ಜಾಕಿ ಇರಲಿ, ಅದರ ಭಾರ ಮಾತ್ರ ಹೊತ್ತುಕೊಳ್ಳುವಷ್ಟು. ಚಕ್ರ ಕಳಚಿ, ಶಾಕ್ ಬಿಚ್ಚಿ. ಬ್ರೇಕ್ ಹೋಸ್, ಬ್ರೀದರ್ ಪೈಪ್, ಕೈಬ್ರೇಕ್ ಕೇಬಲ್ ಹಿಂಚಕ್ರಕ್ಕೆ ಹೋಗುವ ಗಾಡಿಯಾದರೆ ಅದರ ಕ್ಲಿಪ್ಪು, ಇವೆಲ್ಲ ಎಳೆದುಕೊಳ್ಳದಂತೆ ನೋಡಿಕೊಂಡು ಎರಡೂ ಬದಿಯ ಯು ಬೋಲ್ಟ್ ಸಡಿಲಿಸಿ. ಪೂರ್ತಿ ಕಳಚುವುದು ಒಂದು ಬದಿಯದನ್ನು ಮಾತ್ರ. ಇನ್ನೊಂದು ಬದಿಯ ಪಟ್ಟಿ ಹೌಸಿಂಗನ್ನು ಜಾಗದಲ್ಲಿ ಹಿಡಿದಿಟ್ಟುಕೊಳ್ಳುತ್ತದೆ.

ಹಳೇ ಪಟ್ಟಿ, ಹೊಸ ಪಟ್ಟಿಗಳನ್ನು ನೆಲದಲ್ಲಿ ಪಕ್ಕಪಕ್ಕ ಇಡಿ. ಪಟ್ಟಿಗಳನ್ನು ಒಟ್ಟಿಗೆ ಹಿಡಿದಿಡುವ ಸೆಂಟರ್ ಬೋಲ್ಟಿನಿಂದ ಎರಡೂ ಕಣ್ಣುಗಳಿಗೆ ಇರುವ ದೂರ ಅಳೆಯಿರಿ. ಎರಡು ಅರ್ಧ ಸಮವಿಲ್ಲದ ಪಟ್ಟಿಯನ್ನು ತಿರುಗುಮುರುಗು ಹಾಕಿದರೆ ಚಕ್ರ ಮಡ್‌ಗಾರ್ಡಿನ ನಡುವಿನಿಂದ ಹಿಂದಕ್ಕೋ ಮುಂದಕ್ಕೋ ಸರಿದಿರುತ್ತದೆ. ಹಿಂದೆ ಶಾಕಲ್ ಹಿಂತುದಿಯಲ್ಲಿದೆ. ಮೊದಲು ಮುಂತುದಿಯ ಪಿನ್ನು, ಆಮೇಲೆ ಶಾಕಲ್. ಹೊಸ ಪಟ್ಟಿಗೆ ಕಮಾನು ಹೆಚ್ಚು, ಕಣ್ಣಿಂದ ಕಣ್ಣಿಗೆ ದೂರ ಕಡಿಮೆ. ಹಾಗಾಗಿ ಶಾಕಲ್ ಎಳೆದು ಹಿಡಿಯಬೇಕಾಗುತ್ತದೆ. ನಟ್ಟನ್ನು ಕೈಯಲ್ಲಿ ತಿರುಗುವಷ್ಟು ಮಾತ್ರ ಬಿಗಿದು ಬಿಡಿ.

ಈ ಬಿಡುವುದರಲ್ಲೇ ಕೆಲಸದ ಮರ್ಮವಿದೆ. ಚಕ್ರ ನೇತಾಡುವಾಗ ಪಿನ್ನು ಪೂರ್ತಿ ಬಿಗಿದರೆ ರಬ್ಬರ್ ಬುಷ್ ಆ ಭಂಗಿಯಲ್ಲೇ ಸಿಕ್ಕಿಕೊಳ್ಳುತ್ತದೆ. ಗಾಡಿ ನೆಲಕ್ಕಿಳಿದಾಗ ರಬ್ಬರ್ ತಿರುಚಿಕೊಂಡು ಗಾಡಿಯನ್ನು ಸುಳ್ಳು ಎತ್ತರದಲ್ಲಿ ಹಿಡಿದಿಡುತ್ತದೆ. ಕೆಲವೇ ತಿಂಗಳಲ್ಲಿ ಹರಿಯುತ್ತದೆ. ಕಣ್ಣು, ಶಾಕಲ್ ನಟ್ಟುಗಳನ್ನು ಕೊನೆಯಲ್ಲಿ, ಗಾಡಿಯ ಪೂರ್ತಿ ಭಾರ ಚಕ್ರದ ಮೇಲೆ ಕೂತ ಮೇಲೆಯೇ ಬಿಗಿಯಬೇಕು.

ಜಾಕಿ ಏರಿಳಿಸಿ ಸೆಂಟರ್ ಬೋಲ್ಟಿನ ತಲೆ ಹೌಸಿಂಗ್ ಕೂರಿನ ತೂತಿಗೆ ಕೂರಿಸಿ. ತಲೆ ಅರ್ಧ ಕೂತಿರುವಾಗಲೇ ಯು ಬೋಲ್ಟ್ ಬಿಗಿದರೆ ಸೆಂಟರ್ ಬೋಲ್ಟ್ ತುಂಡಾಗಿ ಹೌಸಿಂಗ್ ಓರೆಯಾಗುತ್ತದೆ. ನಾಲ್ಕು ನಟ್ಟನ್ನೂ ಮೂಲೆಯಿಂದ ಮೂಲೆಗೆ, ಸ್ವಲ್ಪ ಸ್ವಲ್ಪವಾಗಿ, 60ರಿಂದ 80 ನ್ಯೂಟನ್ ಮೀಟರ್‌ವರೆಗೆ ಬಿಗಿಯಿರಿ. ಆಮೇಲೆ ಇನ್ನೊಂದು ಬದಿ.

ಮುಂಭಾಗದ ಪಟ್ಟಿ ಬದಲಿಸುವ ಕ್ರಮ ಇದೇ, ಶಾಕಲ್ ಮಾತ್ರ ಮುಂತುದಿಯಲ್ಲಿ. ಕೆಲಸ ಮುಗಿದು ಗಾಡಿ ನೆಲಕ್ಕಿಳಿದಾಗ ಶಾಕಲ್‌ಗಳನ್ನು ನೋಡಿ: ಕೆಳತುದಿ ಹೌಸಿಂಗಿನಿಂದ ಹೊರಕ್ಕೆ ವಾಲಿರಬೇಕು. ಒಳಕ್ಕೆ ವಾಲಿದ್ದರೆ ಸವಾರಿ ಕಲ್ಲಿನಂತಿರುತ್ತದೆ, ಚಕ್ರ ಪೂರ್ತಿ ಇಳಿದಾಗ ಶಾಕಲ್ ಮಗುಚಿ ಚಾಸಿಗೆ ಸಿಕ್ಕಿಕೊಳ್ಳುವ ಅಪಾಯವೂ ಇದೆ.

ಶಾಕ್ ಮತ್ತು ಬಂಪ್ ಸ್ಟಾಪ್

ಬಹಳ ಜನ ಬಿಟ್ಟುಬಿಡುವ ಹಂತ ಇದು. ಗಾಡಿ ನೆಲದ ಮೇಲಿರುವಾಗ ಶಾಕಿನ ಮೇಲಿನ ಪಿನ್ನಿನಿಂದ ಕೆಳಗಿನ ಪಿನ್ನಿಗೆ ಎಷ್ಟು ದೂರ ಅಳೆಯಿರಿ. ಬಂಪ್ ಸ್ಟಾಪ್ ರಬ್ಬರಿಗೂ (ಹೌಸಿಂಗ್ ಅತಿಯಾಗಿ ಮೇಲೇರದಂತೆ ತಡೆಯುವ ರಬ್ಬರ್) ಅದು ಬಡಿಯುವ ಜಾಗಕ್ಕೂ ನಡುವಿನ ಸಂದು ಅಳೆಯಿರಿ. ಮೊದಲನೆಯದರಿಂದ ಎರಡನೆಯದನ್ನು ಕಳೆದರೆ ಪಟ್ಟಿ ಪೂರ್ತಿ ಒತ್ತಿದಾಗ ಶಾಕಿಗೆ ಉಳಿಯುವ ಜಾಗ ಗೊತ್ತಾಗುತ್ತದೆ. ಉದಾಹರಣೆಗೆ ಪಿನ್ನಿನ ದೂರ 420 ಮಿ.ಮೀ., ಸಂದು 95, ಉಳಿಯುವುದು 325. ಹೊಸ ಶಾಕ್ ಪೂರ್ತಿ ಮುಚ್ಚಿದಾಗಿನ ಉದ್ದ 330 ಇದ್ದರೆ ಬಂಪ್ ಸ್ಟಾಪಿಗಿಂತ ಮೊದಲು ಶಾಕೇ ಪೆಟ್ಟು ತಿನ್ನುತ್ತದೆ: ರಾಡು ಬಾಗುತ್ತದೆ, ಇಲ್ಲವೇ ಮೇಲಿನ ಬ್ರಾಕೆಟ್ ಕಿತ್ತುಬರುತ್ತದೆ. ಬಂಪ್ ಸ್ಟಾಪಿನಡಿ 20 ಮಿ.ಮೀ. ದಪ್ಪದ ತುಂಡು ಸೇರಿಸಿದರೆ 15 ಮಿ.ಮೀ. ಬಿಡುವು ಸಿಗುತ್ತದೆ. ಇನ್ನೊಂದು ಕಡೆ, ಚಾಸಿ ಎತ್ತಿ ಚಕ್ರ ನೇತಾಡಿಸಿದಾಗ ಶಾಕ್ ಇನ್ನೂ 15ರಿಂದ 20 ಮಿ.ಮೀ. ಹಿಗ್ಗುವಂತಿರಬೇಕು. ಹೌಸಿಂಗನ್ನು ಶಾಕ್ ತೂಗಿಕೊಂಡಿರಬಾರದು.

ಇದೇ ನೇತಾಡುವ ಸ್ಥಿತಿಯಲ್ಲಿ ಸ್ಟೀರಿಂಗನ್ನು ಎರಡೂ ಕೊನೆಗೆ ತಿರುಗಿಸಿ ಬ್ರೇಕ್ ಹೋಸುಗಳನ್ನು ಮುಟ್ಟಿ ನೋಡಿ. ವೀಣೆಯ ತಂತಿಯಂತೆ ಬಿಗಿದಿದ್ದರೆ ಉದ್ದದ ಹೋಸ್ ಬೇಕೇ ಬೇಕು. ಹೋಸ್ ಬದಲಿಸಿದರೆ ಮಾಸ್ಟರ್ ಸಿಲಿಂಡರಿಗೆ ದೂರದ ಚಕ್ರದಿಂದ ಶುರುಮಾಡಿ ಗಾಳಿ ತೆಗೆಯಿರಿ. ಪ್ರೊಪೆಲ್ಲರ್ ಶಾಫ್ಟಿನ ಜಾರುವ ಹಲ್ಲು ಕನಿಷ್ಠ 25 ಮಿ.ಮೀ. ಒಳಗೇ ಉಳಿದಿದೆಯೇ ಎಂಬುದನ್ನೂ ಆಗಲೇ ನೋಡಿಬಿಡಿ. ಉಳಿದಿಲ್ಲವಾದರೆ ಫ್ಲಾಂಜಿಗೆ ಸ್ಪೇಸರ್ ಬೇಕು.

ಕೋನ ಸರಿಪಡಿಸುವುದು

ಪಟ್ಟಿ ಬದಲಿಸಿದ್ದರಿಂದ ಟೋ (ಎರಡು ಮುಂಚಕ್ರಗಳು ಒಳಕ್ಕೋ ಹೊರಕ್ಕೋ ನೋಡುವ ಅಳತೆ) ಬದಲಾಗುವುದಿಲ್ಲ, ಆದರೂ ಪರೀಕ್ಷಿಸಿ. ಎರಡು ಮುಂಟೈರುಗಳ ನಡುವಿನ ದೂರ ಅವುಗಳ ಮುಂಭಾಗದಲ್ಲಿ ಹಿಂಭಾಗಕ್ಕಿಂತ 2ರಿಂದ 6 ಮಿ.ಮೀ. ಕಡಿಮೆಯಿರಬೇಕು. ಬದಲಾಗುವುದು ಸ್ಟೀರಿಂಗ್ ಚಕ್ರದ ನೇರ. ಸ್ಟೀರಿಂಗ್ ಬಾಕ್ಸಿನಿಂದ ಬರುವ ರಾಡು ಹೆಚ್ಚು ಓರೆಯಾದ್ದರಿಂದ ಗಾಡಿ ನೇರ ಹೋಗುವಾಗ ಸ್ಟೀರಿಂಗ್ ಒಂದು ಕಡೆ ತಿರುಗಿರುತ್ತದೆ. ಆ ರಾಡಿನ ಉದ್ದ ಹೊಂದಿಸಿ ಸರಿಪಡಿಸಿ, ಸ್ಟೀರಿಂಗ್ ಚಕ್ರ ಕಳಚಿ ತಿರುಗಿಸಿ ಹಾಕಬೇಡಿ. ಹಾಗೆ ಮಾಡಿದರೆ ಬಾಕ್ಸ್ ತನ್ನ ನಡುವಿನಲ್ಲಿರದೆ ಒಂದು ಕಡೆಗೆ ತಿರುವು ಕಡಿಮೆಯಾಗುತ್ತದೆ.

ಎರಡು ಚಕ್ರದ ಓಟದಲ್ಲಿ, ಮುಂದಿನ ಹಬ್ ಬಿಡಿಸಿದ್ದಾಗಲೂ ನಡುಕ ಬಂದರೆ ದೋಷ ಹಿಂದಿನ ಶಾಫ್ಟಿನಲ್ಲಿ ಅಥವಾ ಗೇರ್‌ಬಾಕ್ಸಿಗೂ ಟ್ರಾನ್ಸ್‌ಫರ್ ಕೇಸಿಗೂ (ಮುಂದಕ್ಕೂ ಹಿಂದಕ್ಕೂ ಬಲ ಹಂಚುವ ಪೆಟ್ಟಿಗೆ) ನಡುವಿನ ಗಿಡ್ಡ ಶಾಫ್ಟಿನಲ್ಲಿ. ಟ್ರಾನ್ಸ್‌ಫರ್ ಕೇಸ್ ಫ್ಲಾಂಜೂ ಹೌಸಿಂಗ್ ಫ್ಲಾಂಜೂ ಒಂದಕ್ಕೊಂದು ಸಮಾಂತರವಾಗಿರಬೇಕು. ಹಿಂದಿನ ಹೌಸಿಂಗಿನ ಮೂತಿ (ಶಾಫ್ಟ್ ಸೇರುವ ತುದಿ) ಕೆಳಗೆ ನೋಡುತ್ತಿದ್ದರೆ ಪಟ್ಟಿಗೂ ಕೂರಿಗೂ ನಡುವೆ ಓರೆ ತುಂಡು ಹಾಕಿ. ಜಿಪ್ಸಿಯಲ್ಲಿ ಪಟ್ಟಿ ಕೆಳಗಿರುವುದರಿಂದ ಅದರ ದಪ್ಪ ತುದಿ ಮುಂದಕ್ಕೆ ಬರಬೇಕು. ಮುಂಭಾಗದಲ್ಲಿ ಕ್ಯಾಸ್ಟರ್ ಹೆಚ್ಚಿಸಬೇಕಾದರೂ ದಪ್ಪ ತುದಿ ಮುಂದಕ್ಕೇ, ಆದರೆ ಮುಂದಿನ ಡಿಫರೆನ್ಷಿಯಲ್ ಮೂತಿ ಅಷ್ಟು ಕೆಳಗಿಳಿದು ಶಾಫ್ಟಿನ ಕೋನ ಹೆಚ್ಚುತ್ತದೆ. ಆದ್ದರಿಂದ 2 ಅಥವಾ 3 ಡಿಗ್ರಿಗಿಂತ ಮುಂದೆ ಹೋಗಬೇಡಿ. ಅಲ್ಯೂಮಿನಿಯಂ ತುಂಡು ಬಿರುಕು ಬಿಡುತ್ತದೆ, ಉಕ್ಕಿನದೇ ಆಗಲಿ.

ಸ್ಟೀರಿಂಗ್ ಗಡಗಡ ನಡುಗಿದರೆ ತಪ್ಪು ಲಿಫ್ಟಿನದೆಂದು ತೀರ್ಮಾನಿಸಬೇಡಿ. ಕಿಂಗ್‌ಪಿನ್ (ಮುಂಚಕ್ರ ಎಡಬಲಕ್ಕೆ ತಿರುಗುವ ಅಚ್ಚು) ಬೇರಿಂಗ್ ಸವೆದಿರುವುದೇ ಹಳೇ ಜಿಪ್ಸಿಗಳಲ್ಲಿ ಸಾಮಾನ್ಯ ಕಾರಣ. ದೊಡ್ಡ ಟೈರ್ ಅದನ್ನು ಬಯಲಿಗೆಳೆಯುತ್ತದೆ ಅಷ್ಟೆ. ಚಕ್ರ ಎತ್ತಿ, ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ ನೋಡಿ. ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ ಟೈರ್ ಪಟ್ಟಿಗೆ ಉಜ್ಜಿದರೆ ಹೌಸಿಂಗಿನ ತುದಿಯ ಸ್ಟಾಪರ್ ಬೋಲ್ಟ್ ಹೊರಕ್ಕೆ ತಿರುಗಿಸಿ.

ಮೊದಲ ಓಟ ತೋಟದೊಳಗೇ ಇರಲಿ, ನಿಧಾನ. ಎತ್ತರದ ಗಾಡಿ ಅಡ್ಡ ಇಳಿಜಾರಿನಲ್ಲಿ ಮುಂಚಿಗಿಂತ ಬೇಗ ಮಗುಚುತ್ತದೆ, ಆದ್ದರಿಂದ ಮೇಲೆ ಕ್ಯಾರಿಯರ್ ಕಟ್ಟಿ ಭಾರ ಹೇರಬೇಡಿ. 100 ಕಿಲೋಮೀಟರ್ ಆದ ಮೇಲೆ ಯು ಬೋಲ್ಟ್, ಶಾಕಲ್, ಚಕ್ರದ ನಟ್ಟುಗಳನ್ನು ಮತ್ತೆ ಬಿಗಿಯಿರಿ, 500ಕ್ಕೆ ಇನ್ನೊಮ್ಮೆ. ಪಟ್ಟಿಗಳು ಕೂತ ಮೇಲೆ ಎತ್ತರ ಅಳೆದು ಹಳೇ ಚೀಟಿಯೊಂದಿಗೆ ಹೋಲಿಸಿ. ಡ್ರೈವರ್ ಬದಿ ತಗ್ಗಿದ್ದರೆ ಎಡಬಲದ ಪಟ್ಟಿ ಅದಲುಬದಲು ಮಾಡಿ ನೋಡಿ. ತಗ್ಗು ಇನ್ನೊಂದು ಬದಿಗೆ ಹೋದರೆ ದೋಷ ಪಟ್ಟಿಯದು. ಅಲ್ಲೇ ಉಳಿದರೆ ಚಾಸಿ ಬಾಗಿದೆಯೇ, ಬುಷ್ ಬಿಗಿಯುವಾಗ ಚಕ್ರ ನೇತಾಡುತ್ತಿತ್ತೇ ಎಂದು ಪರೀಕ್ಷಿಸಿ.