ಬೇಲಿ ಬೀಳದ ಊರು: ಲ್ಯಾಕ್ಸ್ಟನ್

ಇಂಗ್ಲೆಂಡಿನ ಹಳ್ಳಿಗಾಡು ಎಂದರೆ ಹಸಿರು ಬೇಲಿ ಸುತ್ತಿದ ಚೌಕಟ್ಟು ಚೌಕಟ್ಟು ಹೊಲ. ಇದು ಅನಾದಿ ಕಾಲದಿಂದ ಹೀಗೇ ಇತ್ತು ಎಂದು ನಾನೂ ಬಹಳ ದಿನ ನಂಬಿದ್ದೆ. ಆದರೆ ಇಂಗ್ಲೆಂಡಿನ ನಡುಭಾಗವಾದ ಮಿಡ್‌ಲ್ಯಾಂಡ್ಸ್‌ನಲ್ಲಿ ಆ ಬೇಲಿಗಳಲ್ಲಿ ಬಹಳಷ್ಟು ಕಾಯಿದೆಯ ಕೂಸುಗಳು. 1604ರಿಂದ 1914ರೊಳಗೆ ಪಾರ್ಲಿಮೆಂಟಿಗೆ 5,200ಕ್ಕೂ ಹೆಚ್ಚು 'ಎನ್‌ಕ್ಲೋಶರ್', ಅಂದರೆ ಬಯಲಿಗೆ ಬೇಲಿ ಹಾಕುವ, ಮಸೂದೆಗಳು ಬಂದವು. ಊರವರು ಕೂಡಿ ಬಳಸುತ್ತಿದ್ದ ಬಯಲು, ಗೋಮಾಳಗಳು ಹರಿದು ಹಂಚಿಹೋದವು. ಬಡವನ ಹಸು ಮೇಯುವ ಜಾಗ ಬೇಲಿಯ ಆಚೆ ಉಳಿಯಿತು.

ಅದಕ್ಕೂ ಮೊದಲಿನ ಊರು ಹೇಗಿತ್ತು ಎಂದು ಕಣ್ಣಾರೆ ನೋಡಬೇಕೆಂದರೆ ನಾಟಿಂಗ್‌ಹ್ಯಾಮ್‌ಶೈರಿನ ಲ್ಯಾಕ್ಸ್ಟನ್‌ಗೆ ಹೋಗಿ. ಓಲರ್ಟನ್, ಟಕ್ಸ್‌ಫರ್ಡ್ ಪೇಟೆಗಳ ನಡುವೆ ಇದೆ. 1086ರ ಡೂಮ್ಸ್‌ಡೇ ಎಂಬ ಭೂಮಿ-ಆಸ್ತಿಯ ದಾಖಲೆಯಲ್ಲೇ ಹೆಸರಿರುವ ಊರು. ಪಕ್ಕದಲ್ಲೇ ನಾರ್ಮನ್ನರ ಕೋಟೆಯ ಮಣ್ಣುದಿಬ್ಬ ಉಳಿದಿದೆ. ಇಲ್ಲಿನ ರೈತರ ಮನೆಗಳು ಹೊಲದ ನಡುವೆ ಒಂಟಿಯಾಗಿಲ್ಲ, ನಮ್ಮ ಊರುಗಳ ಹಾಗೆ ಬೀದಿಯುದ್ದಕ್ಕೂ ಸಾಲಾಗಿವೆ. ಕಾರಣ ಸರಳ: ಒಬ್ಬನ ಜಮೀನು ಒಂದೇ ಕಡೆ ಇಲ್ಲ. ವೆಸ್ಟ್ ಫೀಲ್ಡ್, ಸೌತ್ ಫೀಲ್ಡ್, ಮಿಲ್ ಫೀಲ್ಡ್ ಎಂಬ ಮೂರು ದೊಡ್ಡ ಬಯಲುಗಳಲ್ಲಿ ಪಟ್ಟೆ ಪಟ್ಟೆಯಾಗಿ ಹರಡಿದೆ. ಮಾರ್ಕ್ ಪಿಯರ್ಸ್ ಎಂಬ ಮೋಜಣಿದಾರ 1635ರಲ್ಲಿ ಬರೆದ ನಕ್ಷೆಯಲ್ಲಿ ಅಂಥ ಎರಡು ಸಾವಿರಕ್ಕೂ ಹೆಚ್ಚು ಪಟ್ಟೆಗಳಿವೆ. ಈಗ ಪಟ್ಟೆಗಳು ಕಡಿಮೆ, ದೊಡ್ಡವು. ಸರದಿ ಮಾತ್ರ ಹಳೆಯದೇ: ಒಂದು ಬಯಲಿಗೆ ಚಳಿಗಾಲದ ಗೋಧಿ, ಇನ್ನೊಂದಕ್ಕೆ ವಸಂತದ ಬೆಳೆ, ಮೂರನೆಯದಕ್ಕೆ ಬೀಳಿನ ವರ್ಷ.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಇಲ್ಲಿನ 'ಕೋರ್ಟ್ ಲೀಟ್', ಬಯಲಿನ ಕಟ್ಟಳೆ ಕಾಯುವ ಊರಿನ ಹಳೆಯ ನ್ಯಾಯಸಭೆ. ನವೆಂಬರ್ ಮುಗಿಯುವ ಹೊತ್ತಿಗೆ ಪಂಚರು, ಇಲ್ಲಿನ ಮಾತಿನಲ್ಲಿ ಜ್ಯೂರಿ, ಗೋಧಿ ಬಿತ್ತಿದ ಬಯಲು ಸುತ್ತಿ ಗಡಿಗೂಟ ನೆಡುತ್ತಾರೆ. ಯಾರಾದರೂ ದಾರಿಯನ್ನೋ, 'ಸೈಕ್' ಎಂದು ಕರೆಯುವ ಹುಲ್ಲುಪಟ್ಟಿಯನ್ನೋ ಉತ್ತಿದ್ದಾರೆಯೇ ಎಂದು ನೋಡುತ್ತಾರೆ. ವಾರದ ನಂತರ ಡವ್‌ಕೋಟ್ ಇನ್ ಎಂಬ ಪಬ್ಬಿನಲ್ಲಿ ಕೋರ್ಟು ಸೇರಿ, ಒತ್ತುವರಿ ಮಾಡಿದವರಿಗೆ ದಂಡ ಹಾಕುತ್ತದೆ. ದಂಡ ಚಿಲ್ಲರೆ ಹಣ. ಆದರೆ ಅಕ್ಕಪಕ್ಕದವರೆಲ್ಲ ಕೂತಿರುವಾಗ ಹೆಸರು ಕೂಗಿಸಿಕೊಳ್ಳುವುದು ಚಿಲ್ಲರೆ ವಿಷಯವೇ?

ಒಡೆತನದ ಕಥೆಯೂ ಸ್ವಾರಸ್ಯ. ಥೋರ್ಸ್‌ಬಿ ಎಂಬ ಹತ್ತಿರದ ಜಮೀನ್ದಾರಿಯ ಮ್ಯಾನ್ವರ್ಸ್ ಮನೆತನದ ಕೈಯಿಂದ 1952ರಲ್ಲಿ ಕೃಷಿ ಸಚಿವಾಲಯ ಊರನ್ನು ಕೊಂಡಿತು. 1981ರಲ್ಲಿ ಅದು ರಾಜಪಟ್ಟದ ಆಸ್ತಿ ನೋಡಿಕೊಳ್ಳುವ ಕ್ರೌನ್ ಎಸ್ಟೇಟಿಗೆ ಹೋಯಿತು, 2020ರಲ್ಲಿ ಮತ್ತೆ ಥೋರ್ಸ್‌ಬಿ ಎಸ್ಟೇಟಿಗೇ ಬಂತು. ಬಯಲಿನ ರೈತರು ಗೇಣಿದಾರರು.

ಕೋರ್ಟ್ ಲೀಟನ್ನು ಪ್ಯಾರಿಷ್ ಕೌನ್ಸಿಲ್ ಜೊತೆ ಗೊಂದಲ ಮಾಡಿಕೊಳ್ಳಬೇಡಿ. ಪ್ಯಾರಿಷ್ ಕೌನ್ಸಿಲ್ 1894ರ ಕಾಯಿದೆಯಿಂದ ಹುಟ್ಟಿದ, ಚುನಾಯಿತ ಸಂಸ್ಥೆ, ಹೆಚ್ಚುಕಡಿಮೆ ನಮ್ಮ ಗ್ರಾಮ ಪಂಚಾಯಿತಿಯ ಜಾತಿಯದು, ಅಧಿಕಾರ ಮಾತ್ರ ತೀರ ಕಡಿಮೆ. ನೀವು ಹಳ್ಳಿಯಲ್ಲಿ ಮನೆ ಕೊಂಡು ಹಿಂದುಗಡೆ ಒಂದು ಕೋಣೆ ಎಳೆಯಲು ಅರ್ಜಿ ಹಾಕಿದರೆ ಅದು ಅಭಿಪ್ರಾಯ ಹೇಳಬಹುದು. ತೀರ್ಮಾನ ಮೇಲಿನ ಕೌನ್ಸಿಲಿನದು. ಲ್ಯಾಕ್ಸ್ಟನ್‌ಗೆ ಅದು ನ್ಯೂವಾರ್ಕ್ ಅಂಡ್ ಶೆರ್ವುಡ್ ಡಿಸ್ಟ್ರಿಕ್ಟ್ ಕೌನ್ಸಿಲ್.

ಬಯಲಿನಲ್ಲಿ ಬೇಲಿಯಿಲ್ಲ ಎಂದು ಕಂಡಕಂಡಲ್ಲಿ ನಡೆಯುವ ಹಾಗಿಲ್ಲ. ಹಳದಿ ಬಾಣ ಕಂಡರೆ ಕಾಲುದಾರಿ. ನೀಲಿ ಬಾಣದ ದಾರಿಯಲ್ಲಿ ಕುದುರೆ, ಸೈಕಲ್ ಕೂಡ ಬರುತ್ತವೆ. ಮಳೆಗಾಲ ಅಂತ ಬೇರೆ ಇಲ್ಲದ ದೇಶ ಇದು, ಬೂಟು ಮರೆಯಬೇಡಿ. ಇಲ್ಲಿನ ಜೇಡಿ ಮಣ್ಣು ಅಂಟಿದರೆ ಕಾರಿನ ಮ್ಯಾಟು ತೊಳೆದು ಸಾಕಾಗುತ್ತದೆ.